ಕಸ್ತೂರೆವ್ವನ ಗದಗ ದಂಡಯಾತ್ರೆ

ಕೃತಯುಗ ಸರಿದು, ತ್ರೇತೆ ಸರಿದು, ದ್ವಾಪರವೂ ಸರಿದು, ಕಲಿಯುಗವು ತನ್ನ ಪಾಲಿನ ಐದು ಸಾವಿರ ಚಿಲ್ಲರೆ ವರ್ಷಗಳನ್ನು ನುಂಗಿಯೂ ಹಸಿವಾರದೆ ಕುಳಿತಿದ್ದ ಕಾಲದಲ್ಲಿ, ನಳದ ನೀರು ಭಗೀರಥನ ಗಂಗೆಯಂತೆ ಬಹುದಿನದ ತಪಸ್ಸಿನ ಬಳಿಕವೇ ಧರೆಗಿಳಿಯುವ ಹುಬ್ಬಳ್ಳಿಯೆಂಬ ಮಹಾಪಟ್ಟಣದಲ್ಲಿ, ರೈಲ್ವೆ ವರ್ಕ್‌ಶಾಪಿನ ಹಿಂದಿನ ಮೂರನೆಯ ಓಣಿಯಲ್ಲಿ, ಹಸಿರು ಬಾಗಿಲಿನ ಮನೆಯೊಂದರಲ್ಲಿ, ಒಂದು ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಮಹಾಸಮರವೊಂದು ಮೊದಲಾಯಿತು. ಹೇ ವಾಗ್ದೇವಿಯೇ, ಆ ಸಮರವನ್ನು ಹಾಡುವಷ್ಟು ಹೊತ್ತು ನನ್ನ ನಾಲಿಗೆಯ ತುದಿಯಲ್ಲಿ ಬಂದು ಕೂಡು. ತಪ್ಪಿದರೆ ತಿದ್ದು. ಇದ್ದದ್ದಕ್ಕಿಂತ ಹೆಚ್ಚು ಹೇಳಿದರೆ ಮೆಲ್ಲಗೆ ಚಿವುಟು.

ಆ ಮನೆಯ ಒಡತಿ ಕಸ್ತೂರೆವ್ವ. ರೊಟ್ಟಿ-ತಾಡನ-ಕಠಿಣೀಕೃತ-ಕರತಲೆ, ನಳೋದಕ-ಸಂಗ್ರಹ-ಧುರಂಧರೆ, ಮೂವತ್ತನಾಲ್ಕು ವರ್ಷಗಳ ದಾಂಪತ್ಯರಣದಲ್ಲಿ ಒಮ್ಮೆಯೂ ಬೆನ್ನು ತೋರಿಸದವಳು. (ದೇವಿ ಚಿವುಟಿದಳು. ಎರಡು ಸಲ ತೋರಿಸಿದ್ದಾಳೆ. ಎರಡು ಸಲವೂ ತವರಿಗೆ ಹೋಗಿ ನಾಲ್ಕನೆಯ ದಿನ ತಿರುಗಿ ಬಂದಿದ್ದಾಳೆ.) ಅವಳ ಪತಿ ಮಹಾರುದ್ರಪ್ಪ. ಸಕಲ-ನಟ್ಟು-ಬೋಲ್ಟು-ಕುಲ-ಸಂರಕ್ಷಕ, ಅಟ್ಟದುರ್ಗಾಧಿಪತಿ, ಸ್ಕ್ರೂಡ್ರೈವರ್-ಭೂಷಿತ-ವಕ್ಷಸ್ಥಲ. ರೈಲ್ವೆಯ ಸ್ಟೋರ್ಸಿನಲ್ಲಿ ಮೂವತ್ತೊಂದು ವರ್ಷ ಉಗ್ರಾಣ ಕಾಯ್ದು ಆರು ವರ್ಷಗಳ ಹಿಂದೆ ನಿವೃತ್ತನಾದ ಆ ವೀರನು, ಸ್ಟೋರ್ಸನ್ನು ಬಿಟ್ಟರೂ ಸ್ಟೋರ್ಸು ಅವನನ್ನು ಬಿಟ್ಟಿರಲಿಲ್ಲ. ಇನ್ನು ಪಡಸಾಲೆಯ ಕಬ್ಬಿಣದ ಮಂಚದ ಮೇಲೆ, ಶರಶಯ್ಯೆಯಲ್ಲಿ ಪವಡಿಸಿದ ಕುರುಪಿತಾಮಹನಂತೆ ಒರಗಿ, ಎಲ್ಲವನ್ನೂ ನೋಡುತ್ತ, ಎಲ್ಲರಿಗೂ ಬುದ್ಧಿ ಹೇಳುತ್ತ ಇದ್ದವಳು ಮಹಾರುದ್ರಪ್ಪನ ಅಕ್ಕ, ಎಪ್ಪತ್ತನಾಲ್ಕು ವರ್ಷದ ನೀಲಗಂಗವ್ವ. ಇಷ್ಟೇ ಸೇನೆ. ಮೂರೇ ಮಂದಿ. ಆದರೆ ಭೂಮಿ ನಡುಗಲು ಮೂರು ಮಂದಿ ಸಾಕು.

ಗುರುವಾರದ ಪೇಪರಿನ ಮಡಿಕೆಯೊಳಗಿಂದ, ಸಮುದ್ರಮಥನದಲ್ಲಿ ಚಂದ್ರನು ಮೂಡಿದಂತೆ, ಒಂದು ಹಳದಿ ಹಸ್ತಪತ್ರಿಕೆ ಕೆಳಗೆ ಬಿತ್ತು. ಗದಗಿನ ಹೊರಗಿನ ಮುಚ್ಚಿದ ಹತ್ತಿ ಮಿಲ್ಲೊಂದರಲ್ಲಿ 'ಹತ್ತಿಮನೆ' ಎಂಬ ಹೊಸ ಬಗೆಯ ಕಲಾ ಸಂಗ್ರಹಾಲಯ ತೆರೆದಿದೆ. ಅಲ್ಲಿ ಕುರ್ಚಿಗಳು ಸೂರಿನಿಂದ ತಲೆಕೆಳಗಾಗಿ ತೂಗುತ್ತವೆ. ಬಸ್ ಟಿಕೀಟುಗಳಿಂದ ನೇಯ್ದ ಒಂದು ಸೀರೆ ಇದೆ. ಮಳೆಗಾಲಕ್ಕೆ ಬಾಗಿಲು ಹಾಕುವ ಮುಂಚಿನ ಕೊನೆಯ ದಿನ ಬರುವ ಐತವಾರ. ಕಸ್ತೂರೆವ್ವ ಅದನ್ನು ಎರಡು ಸಲ ಓದಿದಳು. ಮೂರನೆಯ ಸಲ ಓದುವಾಗ ಅವಳ ಎದೆಯೊಳಗೆ ಏನೋ ಒಂದು ಎದ್ದು ಸೆರಗು ಸರಿಮಾಡಿಕೊಂಡಿತು.

"ಇಲ್ಲಿ ಕೇಳ್ರಿ," ಎಂದಳು. "ಐತವಾರ ಗದಗಕ್ಕ ಹೋಗೂಣು."

ಮಹಾರುದ್ರಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಯಾರ ಲಗ್ನ?"

"ಯಾರದೂ ಅಲ್ಲ."

"ಯಾರರ ಹೋದ್ರೇನು?"

"ಯಾರೂ ಹೋಗಿಲ್ಲ, ಎಲ್ಲಾರೂ ಗಟ್ಟಿ ಅದಾರ."

"ಮತ್ತ್ಯಾಕ ಹೋಗೂದು?"

"ಸುಮ್ನ."

ಆಹಾ, ಆ ಒಂದು ಶಬ್ದ. ಇಂದ್ರನ ವಜ್ರಾಯುಧಕ್ಕಿಂತ ತೀಕ್ಷ್ಣವಾದ ಆ ಶಬ್ದ ಪಡಸಾಲೆಯ ಗೋಡೆಯಿಂದ ಗೋಡೆಗೆ ಬಡಿದು ಮಹಾರುದ್ರಪ್ಪನ ಕನ್ನಡಕದ ಮೇಲೆ ಬಂದು ನಿಂತಿತು. ಈ ಮನೆಯಿಂದ ಸುಮ್ಮನೆ ಯಾರೂ ಎಲ್ಲಿಗೂ ಹೋದದ್ದಿಲ್ಲ. ಮದುವೆಗೆ ಹೋಗಿದ್ದರು, ಮಣ್ಣಿಗೆ ಹೋಗಿದ್ದರು, ಗುಡ್ಡದ ದೇವರಿಗೆ ಹೋಗಿದ್ದರು, ಆಸ್ಪತ್ರೆಗೆ ಡಬ್ಬಿ ಹೊತ್ತು ಹೋಗಿದ್ದರು. ಹೋದಲ್ಲೆಲ್ಲ ಕಸ್ತೂರೆವ್ವ ಯಾರಿಗಾದರೂ ಕೈಮುಗಿದಿದ್ದಳು, ಬಡಿಸಿದ್ದಳು, ಅಥವಾ ಸಮಾಧಾನ ಹೇಳಿದ್ದಳು. ಕೈಮುಗಿಯಲು ಯಾರೂ ಇಲ್ಲದ, ಬಡಿಸಲು ಏನೂ ಇಲ್ಲದ, ಅಳುವವರು ಯಾರೂ ಇಲ್ಲದ ಊರೊಂದಕ್ಕೆ ಒಮ್ಮೆ ಹೋಗಿ ಕುಳಿತು ಬರಬೇಕೆಂಬುದು ಅವಳ ಬಯಕೆ. ಐವತ್ತೇಳು ವರ್ಷಕ್ಕೆ ಇದು ಮೊದಲ ಬಯಕೆಯೇನಲ್ಲ. ಆದರೆ ಬಾಯಿಬಿಟ್ಟು ಹೇಳಿದ್ದರಲ್ಲಿ ಮೊದಲನೆಯದು.

"ಕುರ್ಚಿ ತಲಿಕೆಳಗ ತೂಗಹಾಕ್ಯಾರಂತ?" ಹಸ್ತಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಮಹಾರುದ್ರಪ್ಪ ಕೇಳಿದ. "ಯಾಕ, ಕಾಲು ಮುರದಾವೇನು?"

"ಛಲೋ ಕುರ್ಚಿನ ಅಂತ. ಅದು ಕಲಾ ರೀ."

"ಛಲೋ ಕುರ್ಚಿ ಇದ್ರ ಕುಂದ್ರಬೇಕು. ತೂಗಹಾಕಿದ್ರ ಹೆಂಗ ಕುಂದ್ರೂದು?"

"ನೀವೇನ ಕುಂದ್ರಾಕ ಹೊಂಟೀರಿ? ನೋಡಾಕ ಹೋಗೂದು."

ಮಂಚದ ಮೇಲಿನ ಪಿತಾಮಹಿ ಆಗ ಬಾಯಿ ತೆರೆದಳು. "ಹೋಗಿ ಬರ್ರೆಲೇ ತಮ್ಮಾ. ರೈಲ್ವೆ ಪಾಸಂತೂ ಐತಿ. ಐತವಾರ ನೀರ ಬರೂ ಪಾಳೆ ಐತಿ, ನಾ ತುಂಬಸ್ಕೋತೇನಿ." ನೀರು ಬರುವ ದಿನ ಮನೆ ಬಿಟ್ಟು ಹೋಗುವುದು ಆ ಓಣಿಯಲ್ಲಿ ಕೋಟೆಯ ಬಾಗಿಲು ತೆರೆದಿಟ್ಟು ಹೋದಂತೆ. ಆ ಕೋಟೆಯನ್ನು ತಾನೊಬ್ಬಳೇ ಕಾಯುವೆನೆಂದು ಎಪ್ಪತ್ತನಾಲ್ಕರ ಮುದುಕಿ ಪ್ರತಿಜ್ಞೆ ಮಾಡಿದ ಮೇಲೆ ಮಹಾರುದ್ರಪ್ಪನಿಗೆ ಬೇರೆ ಬಾಣ ಉಳಿಯಲಿಲ್ಲ. ಯಾತ್ರೆ ನಿಶ್ಚಯವಾಯಿತು. ದೇವತೆಗಳು ಹೂಮಳೆ ಕರೆಯಲು ಬುಟ್ಟಿಗಳನ್ನು ಎತ್ತಿದರು.

ಆಗಲೇ ಮಹಾರುದ್ರಪ್ಪ ಪತ್ರಿಕೆಯ ಕೊನೆಯ ಸಾಲನ್ನು ಓದಿದ. ದೇವತೆಗಳು ಬುಟ್ಟಿ ಕೆಳಗಿಟ್ಟರು.

'ಪ್ರವೇಶಕ್ಕೆ ಟಿಕೀಟು ಇಲ್ಲ. ಬದಲಿಗೆ, ನಿಮ್ಮ ಮನೆಯಲ್ಲಿ ಕೆಲಸಕ್ಕೂ ಬಾರದ, ಎಸೆಯಲೂ ಮನಸ್ಸು ಬಾರದ ಒಂದು ವಸ್ತುವನ್ನು ಮನೆಗೊಂದರಂತೆ ತಂದು ಕೊಡಬೇಕು.'

"ಇಷ್ಟ ಹೌದಲ್ರಿ," ಕಸ್ತೂರೆವ್ವ ನಕ್ಕಳು. "ನಮ್ಮ ಅಟ್ಟ ಒಂದು ಹೊತ್ಕೊಂಡು ಹೋದ್ರ ಗದಗಿನ ಮಂದಿನ್ನೆಲ್ಲಾ ಒಳಗ ಬಿಡ್ತಾರ."

ಅಯ್ಯೋ, ಅವಳು ಹಾಗೆ ನಗಬಾರದಿತ್ತು. ಆ ಅಟ್ಟವನ್ನು ನಾನು ಹೇಗೆ ವರ್ಣಿಸಲಿ? ಅಲ್ಲಿ ನಾಲ್ಕೂ ಹತ್ತಕ್ಕೆ ನಿಂತು ಒಂಬತ್ತು ವರ್ಷವಾದ ಅಲಾರಾಂ ಗಡಿಯಾರವಿತ್ತು. ಕಡ್ಡಿ ಚಾಚಿ ಬಾವಲಿಯಂತೆ ಸತ್ತು ಬಿದ್ದ ಛತ್ರಿಯಿತ್ತು. ರೆಕ್ಕೆಯಿದ್ದೂ ತಿರುಗದ ಟೇಬಲ್ ಫ್ಯಾನು, ಬಾಯಿಯಿದ್ದೂ ಮಾತಾಡದ ರೇಡಿಯೋ, ಯಾವ ಕೀಲಿಯದೆಂದು ಯಾರಿಗೂ ಗೊತ್ತಿಲ್ಲದ ಕೀಲಿಕೈಗಳ ಗೊಂಚಲು, ತೆರೆಯಲಾಗದ ಒಂದು ಟ್ರಂಕು. ಒಂದೊಂದೂ ಮುಂದೆಂದೋ ಬೇಕಾಗುವುದೆಂದು ಮಹಾರುದ್ರಪ್ಪನ ಅಭಯಹಸ್ತದ ಕೆಳಗೆ ಮಲಗಿತ್ತು. ಈಗ ಅವುಗಳಲ್ಲಿ ಒಂದನ್ನು ಪರರಿಗೆ ಒಪ್ಪಿಸಬೇಕೆಂದಾಗ ಆ ವೀರನು ಎದ್ದು ನಿಂತು, ಎದೆಯ ಜೇಬಿನ ಸ್ಕ್ರೂಡ್ರೈವರನ್ನು ಮುಟ್ಟಿ, ಮೇಘಗಂಭೀರ ಸ್ವರದಲ್ಲಿ ನುಡಿದನು:

"ಕೇಳ ಕಸ್ತೂರಿ. ಮೂವತ್ತೊಂದು ವರ್ಷ ಸ್ಟೋರ್ಸಿನಾಗ ಕುಂತಾಂವ ನಾ. ಇಂಜಿನ್ನ ಬಂದ್ವು, ಇಂಜಿನ್ನ ಹೋದ್ವು. ಸಾಹೇಬ್ರ ಬಂದ್ರು, ಸಾಹೇಬ್ರ ಹೋದ್ರು. ಕೆಲಸಕ್ಕ ಬರಂಗಿಲ್ಲ ಅಂತ ಹೇಳಿ ಒಂದು ವಾಷರ್ ಸೈತ ನನ್ನ ಕೈ ದಾಟಿ ಹೊರಗ ಹೋಗಿಲ್ಲ. ಯಾಕ? ಕಂಡಮ್ ಮಾಡಬೇಕಂದ್ರ, ಅಂದ್ರ ರದ್ದಿಗಿ ಹಾಕಬೇಕಂದ್ರ, ಒಂದು ಪದ್ಧತಿ ಐತಿ. ಮೂರು ಮಂದಿ ಕಮಿಟಿ ಕುಂದ್ರಬೇಕು. ಮೊದಲ ದುರಸ್ತಿ ಮಾಡಿ ನೋಡಬೇಕು. ದುರಸ್ತಿ ಆಗಲಿಲ್ಲ ಅಂದ್ರ ಮೂರೂ ಮಂದಿ ಸಹಿ ಹಾಕಬೇಕು. ಆಮ್ಯಾಲೆ ಕಂಡಮ್. ಬಾಯಿಮಾತಿಲೆ ಕಂಡಮ್ ಮಾಡಾಕ ಇದೇನು ಧರ್ಮಛತ್ರ ಅಲ್ಲ."

"ಆತು, ಕಮಿಟಿ ಕುಂದ್ರಸ್ರಿ," ಎಂದಳು ಕಸ್ತೂರೆವ್ವ. ಮೂರು ದಿನವಿದೆ, ಒಂದು ವಸ್ತು ಸಾಕು, ಇದರಲ್ಲೇನು ಮಹಾ ಎಂದುಕೊಂಡಳು. ಚಕ್ರವ್ಯೂಹದ ಬಾಗಿಲಲ್ಲಿ ಅಭಿಮನ್ಯುವೂ ಹೀಗೆಯೇ ಎಂದುಕೊಂಡಿರಬೇಕು.

ಮಹಾರುದ್ರಪ್ಪ ಅಧ್ಯಕ್ಷನಾದ. ಹೆಂಡತಿ, ಅಕ್ಕ ಸದಸ್ಯರಾದರು. ಉದ್ದನೆಯ ನೋಟ್‌ಬುಕ್ಕೊಂದಕ್ಕೆ ಅಂಚುಪಟ್ಟಿಯಿಂದ ಗೆರೆ ಎಳೆದು ರಜಿಸ್ಟರ್ ಸಿದ್ಧವಾಯಿತು. ಮೊದಲ ಆರೋಪಿಯಾಗಿ ಅಲಾರಾಂ ಗಡಿಯಾರ ಕಮಿಟಿಯ ಮುಂದೆ ಬಂದು ನಿಂತಿತು. ಪದ್ಧತಿಯಂತೆ ಮೊದಲು ದುರಸ್ತಿ. ಪೇಪರು ಹಾಸಿ ಅದರ ಹೊಟ್ಟೆ ಬಗೆದ ಮಹಾರುದ್ರಪ್ಪ ಹಲ್ಲುಚಕ್ರಗಳನ್ನು ಒಂದೊಂದಾಗಿ ತೆಗೆದು, ಸೀಮೆಎಣ್ಣೆಯಲ್ಲಿ ಮೀಯಿಸಿ, ತಿರುಗಿ ಕೂಡಿಸಿದ. ಸಂಜೆ ಆರಕ್ಕೆ ಗಡಿಯಾರ ಪ್ರಳಯಕಾಲದ ಶಂಖದಂತೆ ಮೊಳಗಿತು. ಓಣಿಯ ನಾಯಿಗಳು ಎದ್ದವು. ಮಹಾರುದ್ರಪ್ಪನ ಮುಖದಲ್ಲಿ ಗೆದ್ದವನ ಬೆಳಕು; ಕಸ್ತೂರೆವ್ವನ ಮುಖದಲ್ಲಿ ಸಣ್ಣದೊಂದು ಮೋಡ. ರಜಿಸ್ಟರಿನಲ್ಲಿ ದುಂಡು ಅಕ್ಷರಗಳಲ್ಲಿ ಬರೆದಾಯಿತು: 'ಕ್ರಮ ಸಂಖ್ಯೆ ಒಂದು. ದುರಸ್ತಿಯಾಗಿದೆ. ಉಪಯೋಗಕ್ಕೆ ಯೋಗ್ಯ.'

"ಇದು ಕೆಲಸಕ್ಕ ಬಂತಲ್ಲ," ಎಂದ. "ಇನ್ನ ಒಯ್ಯಾಕ ಬರಂಗಿಲ್ಲ."

ಶುಕ್ರವಾರ ಛತ್ರಿ ಬಂದಿತು. ಸೈಕಲ್ಲಿನ ಕಡ್ಡಿಯೊಂದನ್ನು ಬೆನ್ನೆಲುಬಾಗಿ ಪಡೆದು ಪುನರ್ಜನ್ಮ ತಾಳಿತು. ಟೇಬಲ್ ಫ್ಯಾನು ಬಂದಿತು. ಒಂದು ತಂತಿಯ ಬೆಸುಗೆಗೆ ಕರಗಿ, ಆರು ವರ್ಷಗಳ ಧೂಳನ್ನು ಒಂದೇ ಉಸಿರಿನಲ್ಲಿ ಪಿತಾಮಹಿಯ ಮೇಲೆ ಕಾರಿ, ತಿರುಗತೊಡಗಿತು. ಅಂದು ಮಧ್ಯಾಹ್ನ ಗೊಂಚಲಿನ ಹತ್ತೊಂಬತ್ತನೆಯ ಕೀಲಿಕೈ ಆ ಟ್ರಂಕಿಗೇ ಹೊಂದಿಕೊಂಡಿತು. ಹೀಗೆ ಒಂದೇ ಏಟಿಗೆ ಕೀಲಿಕೈಯೂ ಟ್ರಂಕೂ ಎರಡೂ ಕೆಲಸಕ್ಕೆ ಬಂದವು. ಟ್ರಂಕಿನೊಳಗಿಂದ ಇನ್ನೂ ಹದಿನಾಲ್ಕು ಕೆಟ್ಟ ವಸ್ತುಗಳು, ರಕ್ತಬೀಜಾಸುರನ ಸಂತಾನದಂತೆ, ಹೊರಬಂದವು. (ಹನ್ನೊಂದು. ದೇವಿ ಎಣಿಸಿದ್ದಾಳೆ.) ಅವುಗಳನ್ನು ಕಂಡು ಮಹಾರುದ್ರಪ್ಪನಿಗೆ ಪ್ರಾಯ ತಿರುಗಿ ಬಂದಂತಾಯಿತು. ಊಟ ಮರೆತ. ಹೆಸರು ಹಿಡಿದು ಕರೆದರೆ ಓಗೊಡುತ್ತಿರಲಿಲ್ಲ. ಹಲ್ಲಿನಲ್ಲಿ ಸ್ಕ್ರೂ ಕಚ್ಚಿಕೊಂಡು ಏನೋ ಗುನುಗುತ್ತಿದ್ದ.

ಶನಿವಾರ ಸಂಜೆ ಐದಕ್ಕೆ ರೇಡಿಯೋ ಕೂಡ ಕೆಮ್ಮಿ ಕೆಮ್ಮಿ ಹುಬ್ಬಳ್ಳಿಯ ಪೇಟೆ ಧಾರಣೆ ಹೇಳತೊಡಗಿತು. ಆ ಗಳಿಗೆಯ ಪಡಸಾಲೆಯನ್ನು ನೋಡಿದವರೇ ಧನ್ಯರು. ಫ್ಯಾನಿನ ಗಾಳಿಗೆ ರಜಿಸ್ಟರಿನ ಹಾಳೆಗಳು ಪಟಪಟಿಸುತ್ತಿದ್ದವು. ಅದೇ ಗಾಳಿಗೆ ಬಿಚ್ಚಿಟ್ಟ ಛತ್ರಿ ಮೂಲೆಯಿಂದ ಮೂಲೆಗೆ ಉರುಳುತ್ತಿತ್ತು. ಗಡಿಯಾರ ತನಗೆ ತೋಚಿದಾಗಲೆಲ್ಲ ಬಾರಿಸುತ್ತಿತ್ತು. ರೇಡಿಯೋ ಬ್ಯಾಡಗಿ ಮೆಣಸಿನಕಾಯಿಯ ದರವನ್ನು ಹಾಡುತ್ತಿತ್ತು. ನಡುವೆ ಮಹಾರುದ್ರಪ್ಪ, ಸೃಷ್ಟಿ ಮುಗಿಸಿದ ಬ್ರಹ್ಮನಂತೆ, ಕೈ ಒರೆಸಿಕೊಳ್ಳುತ್ತಿದ್ದ. ಅಟ್ಟ ಬರಿದಾಗಿತ್ತು. ಆ ಮನೆಯಲ್ಲಿ ಕೆಲಸಕ್ಕೆ ಬಾರದ ವಸ್ತು ಒಂದೂ ಉಳಿದಿರಲಿಲ್ಲ.

ಕಸ್ತೂರೆವ್ವ ಸ್ಟೂಲಿನ ಮೇಲೆ ಕುಳಿತಳು. ಅದೂ ನಿನ್ನೆಯವರೆಗೆ ಕುಂಟುತ್ತಿತ್ತು.

"ಮುಗೀತಲ್ಲ," ಎಂದಳು. "ಇನ್ನ ಏನ್ ಒಯ್ಯೂದು?"

ಮಹಾರುದ್ರಪ್ಪನಿಗೆ ಆಗ ತಾನೇನು ಮಾಡಿದೆನೆಂಬುದು ಹೊಳೆಯಿತು. ಜೇಬಿನ ಸ್ಕ್ರೂಡ್ರೈವರ್ ಭಾರವಾಯಿತು.

ಪಿತಾಮಹಿ ಮಂಚದ ಮೇಲೆ ಮಗ್ಗುಲು ಬದಲಿಸಿದಳು. "ನಮ್ಮ ರುದ್ರ್ಯಾನ್ನ ಒಯ್ದು ಕೊಡ ಕಸ್ತೂರಿ. ಕೆಲಸಕ್ಕ ಬರಂಗಿಲ್ಲ, ಒಗ್ಯಾಕೂ ಮನಸ ಬರಂಗಿಲ್ಲ."

"ಅಕ್ಕಾ, ಪದ್ಧತಿ ಐತಿ," ಅಧ್ಯಕ್ಷನು ಗಾಂಭೀರ್ಯ ಬಿಡದೆ ಹೇಳಿದ. "ನನ್ನ ಕಂಡಮ್ ಮಾಡಬೇಕಂದ್ರ ಮೊದಲ ದುರಸ್ತಿ ಮಾಡಿ ನೋಡಬೇಕು."

"ಮೂವತ್ನಾಕ ವರ್ಷ ಮಾಡಿ ನೋಡೇನ್ರಿ," ಎಂದಳು ಕಸ್ತೂರೆವ್ವ. "ಆಗಲಿಲ್ಲ."

ಮುದುಕಿ ನಕ್ಕಳು. ಕಸ್ತೂರೆವ್ವ ನಗಲಿಲ್ಲ. ಅವಳು ಎದ್ದು ನಿಂತಳು. ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಮಹಿಷನ ಮುಂದೆ ನಿಂತ ದುರ್ಗೆಯಂತೆ ಕಣ್ಣುಗಳು ಕೆಂಪಾದವು. (ಸಂಜೆ ಉಳ್ಳಾಗಡ್ಡಿ ಹೆಚ್ಚಿದ್ದಳು. ಅದನ್ನೂ ಹೇಳಿಬಿಡುವುದು ಒಳ್ಳೆಯದು.)

"ನಿಮಗ ಎಲ್ಲಾನೂ ಬೇಕು. ಮುರದದ್ದು ಬೇಕು, ಹರದದ್ದು ಬೇಕು, ಮಂದಿ ಒಗದದ್ದೂ ಬೇಕು. ಈ ಮನಿಗಿ ಬಂದಾಗಿಂದ ನಾ ಏನರ ಸುಮ್ಮಸುಮ್ಮನ ಇಟಗೊಂಡೇನೇನು? ಹಳೇ ಸೀರಿ ಆದ್ರ ಕೌದಿ ಹೊಲದೆ. ಕೌದಿ ಹರಿದ್ರ ಒರಸಾಕ ತಗೊಂಡೆ. ನಂದು ಅಂತ ಕೆಲಸಕ್ಕ ಬಾರದ್ದು ಒಂದ, ಒಂದ ಒಂದು ತೋರಸ್ರಿ ನೋಡೂಣು ಈ ಮನ್ಯಾಗ."

ಮಹಾರುದ್ರಪ್ಪ ತಲೆ ತಗ್ಗಿಸಿದ. ಫ್ಯಾನು ತಿರುಗಿತು. ಮಂಚದಿಂದ ಮೆತ್ತಗಿನ ದನಿ ಬಂದಿತು.

"ಜ್ವಾಳದ ಡಬ್ಬಿ ಹಿಂದ ಏನೈತಿ ಕಸ್ತೂರಿ?"

ಮೆತ್ತಗಿನ ಬಾಣವೇ ಆಳಕ್ಕೆ ಹೋಗುವುದು. ಕಸ್ತೂರೆವ್ವನ ಸೊಂಟದ ಮೇಲಿನ ಕೈ ಕೆಳಗಿಳಿಯಿತು. ಒಳಗೆ ಹೋಗಿ, ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ವಸ್ತುವನ್ನು ತಂದು ಕಮಿಟಿಯ ಮುಂದೆ ಇಟ್ಟಳು.

ಅದು ಒಂದು ಸ್ಟೀಲಿನ ಮುಚ್ಚಳ. ಅಗಲವಾದದ್ದು, ದಪ್ಪನೆಯದು, ಕನ್ನಡಿಯಂತೆ ಹೊಳೆಯುವಂಥದ್ದು. ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದಿತ್ತು: 'ಕಸ್ತೂರಿ. ತವರಿನವರಿಂದ.' ಮದುವೆಯಲ್ಲಿ ಅವಳ ಅವ್ವ ಕೊಟ್ಟ ದೊಡ್ಡ ಬೋಗಾಣಿಯದು. ಇಪ್ಪತ್ತೆರಡು ವರ್ಷಗಳ ಹಿಂದೆ ಹಿಂದಿನ ಓಣಿಯ ಮದುವೆ ಮನೆಗೆ ಆ ಬೋಗಾಣಿಯ ತುಂಬ ಹುಗ್ಗಿ ಹೋಗಿತ್ತು, ಬಾಳೆಎಲೆ ಮುಚ್ಚಿಕೊಂಡು. ತಿರುಗಿ ಬಂದದ್ದು ಬೇರೆ ಯಾರದೋ ಬೋಗಾಣಿ, ಬೇರೆ ಯಾರದೋ ಹೆಸರು. ಕಸ್ತೂರೆವ್ವ ಹದಿನೇಳು ಮನೆ ಕೇಳಿದ್ದಳು. ಆ ಮದುವೆ ಮನೆಯವರು ವರ್ಗವಾಗಿ ಊರು ಬಿಟ್ಟಿದ್ದರು.

"ಇದನ್ನ ಬ್ಯಾರೆ ಬೋಗಾಣಿಗಿ ಮುಚ್ಚಬಹುದಿತ್ತಲ್ಲ," ಎಂದ ಮಹಾರುದ್ರಪ್ಪ. ಅವನಿಗೆ ಇದು ಮನೆಯಲ್ಲಿದ್ದುದೇ ಗೊತ್ತಿರಲಿಲ್ಲ.

"ಮುಚ್ಚಬಹುದಿತ್ತು." ಅವಳು ಟವೆಲನ್ನು ಮಡಚುತ್ತಿದ್ದಳು. "ಮುಚ್ಚಿದ್ರ, ಅದು ಇನ್ನ ಸಿಗಂಗಿಲ್ಲ ಅಂತ ನಾನ ಒಪ್ಪಿಕೊಂಡಂಗ ಆಗತಿತ್ತು."

ಅಧ್ಯಕ್ಷನು ಮುಚ್ಚಳವನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದ. ಬೆರಳಿನಿಂದ ತಟ್ಟಿದ, ಅದು ದೇವಾಲಯದ ಗಂಟೆಯಂತೆ ನಾದ ಮಾಡಿತು. ತಗ್ಗಿಲ್ಲ, ಬಿರುಕಿಲ್ಲ, ಹಿಡಿಕೆ ಸಡಿಲವಿಲ್ಲ. ಅವನ ಕೈ ರೂಢಿಯಂತೆ ಜೇಬಿಗೆ ಹೋಯಿತು, ಮಾಡಲು ಏನೂ ಕಾಣದೆ ತಿರುಗಿ ಬಂದಿತು. ಮೂವತ್ತೊಂದು ವರ್ಷದಲ್ಲಿ ಅವನು ಇಂಥದ್ದನ್ನು ನೋಡಿರಲಿಲ್ಲ: ಕೆಟ್ಟದ್ದು ಏನೂ ಇಲ್ಲ, ಆದ್ದರಿಂದ ದುರಸ್ತಿಯೂ ಇಲ್ಲ, ಆದರೂ ಕೆಲಸಕ್ಕೆ ಬರುವುದಿಲ್ಲ.

"ಬ್ಯಾಡ ಬಿಡ ಕಸ್ತೂರಿ," ಎಂದ. "ಇಟಗೋ. ಗದಗ ಎಲ್ಲಿ ಓಡಿ ಹೋಗತೈತಿ? ಮಳಿಗಾಲ ಮುಗದ ಮ್ಯಾಲೆ ನೋಡೂಣು."

ಮೂವತ್ತನಾಲ್ಕು ವರ್ಷದಲ್ಲಿ ಆಮೇಲೆ ನೋಡೋಣವೆಂದದ್ದು ಯಾವುದನ್ನೂ ಅವರು ನೋಡಿರಲಿಲ್ಲ. ಕಸ್ತೂರೆವ್ವ ಮುಚ್ಚಳವನ್ನು ನೋಡಿದಳು. ಅದರಲ್ಲಿ ಅವಳ ಮುಖ ಅಗಲವಾಗಿ, ತುಸು ಹುಡುಗಿಯಂತೆ ಕಾಣುತ್ತಿತ್ತು. ಆ ಕ್ಷಣದಲ್ಲಿ ಸೂರ್ಯನು ರಥವನ್ನು ನಿಲ್ಲಿಸಿದನು, ಅಷ್ಟದಿಗ್ಗಜಗಳು ಕಿವಿಯಾಡಿಸುವುದನ್ನು ಮರೆತವು, ರೇಡಿಯೋ ಕೂಡ ಮೆಣಸಿನಕಾಯಿ ಮುಗಿಸಿ ಗೋಧಿಗೆ ಹೋಗುವ ಮುನ್ನ ಉಸಿರು ಹಿಡಿಯಿತು.

"ರಜಿಸ್ಟರ್ ಇಲ್ಲಿ ತರ್ರಿ," ಎಂದಳು.

ಸಹಿ ಹಾಕಿದಳು. ಮುಚ್ಚಳದ ಮೇಲಿದ್ದಂತೆಯೇ, ಬರೀ 'ಕಸ್ತೂರಿ' ಎಂದು.

ಐತವಾರದ ದಂಡಯಾತ್ರೆಯನ್ನು ಏನೆಂದು ಹಾಡಲಿ. ಮೂರೂ ಜಾವ ತನ್ನಿಷ್ಟಕ್ಕೆ ಮೊಳಗಿದ ಗಡಿಯಾರವು ಸೇನೆಯನ್ನು ಎಬ್ಬಿಸಿತು. ಪಿತಾಮಹಿ ಕೊಡಗಳನ್ನು ಸಾಲಾಗಿ ನಿಲ್ಲಿಸಿ ನಳದ ಮುಂದೆ ಪೀಠ ಹಾಕಿದಳು. ಬಗಲಲ್ಲಿ ಪುನರ್ಜಾತ ಛತ್ರಿಯನ್ನು ಹಿಡಿದ ಮಹಾರುದ್ರಪ್ಪನೂ, ಎದೆಗೆ ಟವೆಲಿನ ಗಂಟನ್ನು ಅವಚಿದ ಕಸ್ತೂರೆವ್ವನೂ ಧೂಮ್ರಶಕಟವನ್ನೇರಿ ಪೂರ್ವದಿಕ್ಕಿಗೆ ಹೊರಟರು. (ಹೊಗೆ ಇರಲಿಲ್ಲ. ಈಗ ಕರೆಂಟಿನ ಗಾಡಿ.) ಹತ್ತಿಮನೆಯ ಬಾಗಿಲಲ್ಲಿ ಕತ್ತರಿಸಿದ ಕೂದಲಿನ ಒಬ್ಬ ಹುಡುಗಿ ಕುಳಿತಿದ್ದಳು. ಅವಳು ಮುಚ್ಚಳವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಇದರ ಬೋಗಾಣಿ ಎಲ್ಲೈತ್ರೀ ಅಮ್ಮಾ?"

"ಗೊತ್ತಿಲ್ಲವಾ."

ಹುಡುಗಿ ಎದ್ದು ಅವರನ್ನು ಕರೆದುಕೊಂಡು ಹೋದಳು. ಒಳಗಿನ ದೊಡ್ಡ ಅಂಗಳದಂಥ ಹಾಲಿನಲ್ಲಿ, ಹಿಂದೊಮ್ಮೆ ಹತ್ತಿ ಹಾರುತ್ತಿದ್ದ ಎತ್ತರದಲ್ಲಿ, ಜನ ತಂದುಕೊಟ್ಟ ನೂರಾರು ವಸ್ತುಗಳು ದಾರದಲ್ಲಿ ತೂಗುತ್ತಿದ್ದವು. ಏಣಿ ಹತ್ತಿ ಅವಳು ಮುಚ್ಚಳವನ್ನೂ ಅಲ್ಲಿ ತೂಗಹಾಕಿದಳು. ಕೆಳಗೆ ಒಂದು ಬೆಂಚಿತ್ತು. ಕಸ್ತೂರೆವ್ವ ಕುಳಿತಳು.

ಗಾಳಿಗೆ ಮುಚ್ಚಳ ನಿಧಾನವಾಗಿ ತಿರುಗುತ್ತಿತ್ತು. ಒಮ್ಮೆ ಹೆಸರು ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ. ಕಸ್ತೂರೆವ್ವನ ಕೈಗಳು ತೊಡೆಯ ಮೇಲೆ ಖಾಲಿ ಬಿದ್ದಿದ್ದವು. ಮೊದಮೊದಲು ಏನು ಮಾಡಬೇಕೆಂದು ಅವಕ್ಕೆ ತಿಳಿಯಲಿಲ್ಲ, ಆಮೇಲೆ ರೂಢಿಯಾಯಿತು. ಮಹಾರುದ್ರಪ್ಪ ತಲೆಕೆಳಗಾದ ಕುರ್ಚಿಗಳ ತಪಾಸಣೆ ಮುಗಿಸಿ ಐದೇ ನಿಮಿಷಕ್ಕೆ ಬಂದು ಪಕ್ಕದಲ್ಲಿ ಕುಳಿತ. ಮೇಲೆ ನೋಡಿದ. ಮುಚ್ಚಳ ಒಂದು ಬದಿಗೆ ತುಸು ವಾಲಿತ್ತು. ಗಂಟು ಒಂದು ಬೆರಳಷ್ಟು ಆಚೆ ಸರಿಸಿದರೆ ನೆಟ್ಟಗಾಗುತ್ತಿತ್ತು. ಏಣಿ ಅಲ್ಲೇ ಇತ್ತು. ಅವನ ಕೈ ಜೇಬಿನ ಕಡೆಗೆ ಹೊರಟಿತು.

"ಮುಟ್ಟಬ್ಯಾಡ್ರಿ," ಎಂದಳು ಅವಳು, ನೋಟ ಕೀಳದೆ.

ಹೊರಟ ಕೈ ನಡುದಾರಿಯಲ್ಲಿ ನಿಂತಿತು. ಸಮುದ್ರ ದಾಟಿದವರಿದ್ದಾರೆ, ಬೆಟ್ಟ ಎತ್ತಿದವರಿದ್ದಾರೆ. ವಾಲಿದ್ದನ್ನು ವಾಲಿದಂತೆಯೇ ಬಿಟ್ಟು ಎರಡು ತಾಸು ಬೆಂಚಿನ ಮೇಲೆ ಕೈಕಟ್ಟಿ ಕುಳಿತ ವೀರನೆಂದರೆ ಮಹಾರುದ್ರಪ್ಪನೊಬ್ಬನೇ. ಇದನ್ನು ಹೇಳುವಾಗ ದೇವಿ ಚಿವುಟಲಿಲ್ಲ.

ಗಾಡಿಗೆ ಹೊತ್ತಾಯಿತೆಂದು ಎದ್ದರು. ಟಿಕೀಟಿನ ಸೀರೆ ನೋಡುವುದು ಉಳಿದೇ ಹೋಯಿತು. ಸಂಜೆ ಹಸಿರು ಬಾಗಿಲು ತೆರೆದಾಗ ಕೊಡಗಳೆಲ್ಲ ತುಂಬಿದ್ದವು, ಪಿತಾಮಹಿಯ ಸೀರೆ ಮೊಣಕಾಲಿನ ತನಕ ಒದ್ದೆಯಾಗಿತ್ತು.

"ಅಷ್ಟ ದೂರ ಹೋಗಿ ಏನ ನೋಡಿ ಬಂದ್ರಿ?" ಎಂದು ಕೇಳಿದಳು.

ಕಸ್ತೂರೆವ್ವ ಚಪ್ಪಲಿ ಬಿಟ್ಟು, ಖಾಲಿ ಟವೆಲನ್ನು ಗೂಟಕ್ಕೆ ಹಾಕಿದಳು.

"ನಮ್ಮ ಮುಚ್ಚಳಾ, ಅಕ್ಕಾರ."